ತಂಗಡಗಿಯಲ್ಲಿ ನಿಂತವಳು

ಡೆಲೋಸ್ ಎಂಬ ಗ್ರೀಕ್ ದ್ವೀಪದಲ್ಲಿ ಯಾರೂ ಹುಟ್ಟುವಂತಿರಲಿಲ್ಲ, ಯಾರೂ ಸಾಯುವಂತಿರಲಿಲ್ಲ. ಕ್ರಿ.ಪೂ. 426ರ ಚಳಿಗಾಲದಲ್ಲಿ ಅಥೆನ್ಸಿನವರು ಮಾಡಿದ ಕಟ್ಟಳೆ ಇದು. ಅಪೊಲೊ ದೇವರು ಹುಟ್ಟಿದ ನೆಲಕ್ಕೆ ಸೂತಕ ತಟ್ಟಬಾರದು ಎಂದು ಅಲ್ಲಿದ್ದ ಗೋರಿಗಳನ್ನೆಲ್ಲ ಅಗೆದು, ಎಲುಬುಗಳನ್ನೂ ಜೊತೆಗಿಟ್ಟಿದ್ದ ಮಡಕೆ ಕುಡಿಕೆಗಳನ್ನೂ ದೋಣಿಗೆ ಹಾಕಿ ಎದುರಿನ ರಿನಿಯಾ ದ್ವೀಪಕ್ಕೆ ಸಾಗಿಸಿದರು. ಅಲ್ಲಿಂದಾಚೆಗೆ ದಿನ ತುಂಬಿದ ಬಸುರಿಯೇ ಇರಲಿ, ಗಂಟಲಲ್ಲಿ ಜೀವ ಹಿಡಿದ ಮುದುಕನೇ ಇರಲಿ, ದೋಣಿ ಹತ್ತಿ ಆಚೆ ದಂಡೆಗೆ ಹೋಗಲೇಬೇಕು. ನಡುವಿನ ನೀರು ಇಕ್ಕಟ್ಟಾದ ಕಡೆ ಒಂದು ಕಿಲೋಮೀಟರೂ ಇಲ್ಲ. ಸಾಮೋಸಿನ ದೊರೆ ಪಾಲಿಕ್ರಟೀಸ್ ಎಂಬುವನು ರಿನಿಯಾವನ್ನು ಗೆದ್ದಾಗ, ಅದಕ್ಕೊಂದು ಸರಪಳಿ ಬಿಗಿದು ಡೆಲೋಸಿಗೆ ಕಟ್ಟಿ ದೇವರಿಗೆ ಅರ್ಪಿಸಿದನಂತೆ. ಅಷ್ಟು ಹತ್ತಿರ. ಇವೆರಡನ್ನೂ ಬರೆದಿಟ್ಟವನು ಥುಸಿಡೈಡೀಸ್. ಇತಿಹಾಸದ ಮಾಸ್ತರಿಕೆ ಮಾಡಿದ ನಾನು ಆತನ ಹೆಸರನ್ನು ತರಗತಿಯಲ್ಲಿ ಹೇಳಿದ್ದುಂಟು. ಆ ಬಸುರಿಯರನ್ನು ಸಾಗಿಸಿದ ಅಂಬಿಗ ಯಾರಿದ್ದಾನು ಎಂದು ಕೇಳಿಕೊಂಡದ್ದು ಮಾತ್ರ ಈಚೆಗೆ.

ಕೇಳಿಕೊಳ್ಳುವಂತೆ ಮಾಡಿದವನು ಜರ್ಮನಿಯಲ್ಲಿ ನೌಕರಿ ಮಾಡುವ ನಮ್ಮಣ್ಣನ ಮಗ. ಅವನು ರಜೆಗೆಂದು ಮಿಕೊನೋಸ್ ದ್ವೀಪಕ್ಕೆ ಹೋಗಿ ಅರ್ಧ ದಿನ ಸಮುದ್ರದಲ್ಲಿ ಕಯಾಕ್ ನಡೆಸಿ ಬಂದಿದ್ದ. ಮುಂದೊಬ್ಬ ಹಿಂದೊಬ್ಬ ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟು ಹಿಡಿದು ದಂಡೆಯ ಬಂಡೆಗಳ ಬದಿಗೇ ಸಾಗುವುದು; ದಾರಿ ತೋರಿಸಲು ಒಬ್ಬ ಗೈಡ್. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ, ಹಾಗಾಗಿ ಬೆಳಿಗ್ಗೆಯೇ ಮುಗಿಸುತ್ತಾರಂತೆ. ನೈಋತ್ಯದ ದಂಡೆಯಿಂದ ಡೆಲೋಸ್ ಕಾಣುತ್ತದೆ. ಇಂದಿಗೂ ಅಲ್ಲಿ ಪ್ರವಾಸಿಗರು ರಾತ್ರಿ ಉಳಿಯುವಂತಿಲ್ಲ. ಮರುದಿನ ಮಿಕೊನೋಸಿನ ವಸ್ತುಸಂಗ್ರಹಾಲಯದಲ್ಲಿ ರಿನಿಯಾದಲ್ಲಿ ಆ ಗೋರಿಗಳ ಸಾಮಾನು ಹೂತಿದ್ದ ಗುಂಡಿಯಿಂದ ತೆಗೆದ ಮಡಕೆಗಳನ್ನು ನೋಡಿ ಫೋಟೊ ಕಳಿಸಿದ. ಆಮೇಲೆ ಫೋನಿನಲ್ಲಿ, "ಕಾಕಾ, ನಮ್ಮ ಕಡೆ ಹಿಂಗ ನೀರಾಗ ಕರಕೊಂಡ ಹೋಗಾವ್ರ ಯಾರರ ಅದಾರೇನ್ರಿ?" ಅಂದ.

ನಗು ಬಂತು. ನಾನು ಇಂಡಿ ತಾಲ್ಲೂಕಿನ ಕಡೆಯವನು. ಲಿಂಬಿ ಗಿಡ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ತರಿಸಿದ ಮಂದಿ ನಾವು. ಆದರೆ ನಕಾಶೆ ಬಿಡಿಸಿ ನೋಡಿದರೆ ನಮ್ಮ ಜಿಲ್ಲೆ ನಿಂತಿರುವುದೇ ಎರಡು ಹೊಳೆಗಳ ನಡುವೆ. ಇಂಡಿ, ಸಿಂದಗಿ ಭೀಮೆಯ ಮಗ್ಗುಲಿಗೆ; ಮುದ್ದೇಬಿಹಾಳ, ಬಸವನಬಾಗೇವಾಡಿ ಕೃಷ್ಣೆಯ ಕಡೆಗೆ. ನಡುವೆ ಡೋಣಿ ಎಂಬ ಸಿಟ್ಟಿನ ಹಳ್ಳವೊಂದು. ಬಾಗೇವಾಡಿಯಲ್ಲಿ ಹುಟ್ಟಿದ ಹುಡುಗನೊಬ್ಬ ಕೃಷ್ಣೆ ದಾಟಿ, ಮಲಪ್ರಭೆ ಬಂದು ಸೇರುವ ಕೂಡಲಸಂಗಮಕ್ಕೆ ಓದಲು ಹೋದ. ಕಲ್ಯಾಣದಲ್ಲಿ ದಂಡನಾಯಕನಾಗಿ ಬಾಳಿ, ಅಲ್ಲಿ ಎಲ್ಲ ಕೆಟ್ಟು ನಿಂತಾಗ, 1167ರ ಸುಮಾರಿಗೆ, ಅದೇ ಸಂಗಮಕ್ಕೆ ಮರಳಿ ಐಕ್ಯನಾದ. ಅದಕ್ಕೆ ಎದುರು ದಂಡೆಯಲ್ಲಿ, ಹರಿವಿಗೆ ಸ್ವಲ್ಪ ಕೆಳಗೆ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಇದೆ. ಅಲ್ಲಿ ಅವನ ಮಡದಿ ನೀಲಾಂಬಿಕೆಯ ಐಕ್ಯಸ್ಥಳ. ಇನ್ನೊಬ್ಬ ಮಡದಿ ಗಂಗಾಂಬಿಕೆಯದು ದೂರದ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ನೀರಿನಲ್ಲಿ. ಆಕೆಯ ಮುಂದೆ ಹಾದ ನೀರೇ ಸಂಗಮಕ್ಕೆ ಬಂದು, ಕೃಷ್ಣೆಗೆ ಸೇರಿ, ತಂಗಡಗಿಯ ಮುಂದೆ ಹೋಗುತ್ತದೆ. ಭೂಗೋಳ ತನ್ನ ಪಾಡಿಗೆ ಮಾಡಿದ ಕೆಲಸ. ಆದರೂ ನನಗೆ ಆ ದಾರಿಯ ಮೇಲೆ ಒಂದು ಕಣ್ಣು.

ತಂಗಡಗಿಯ ಕತೆಯನ್ನು ಒಬ್ಬೊಬ್ಬರು ಚೂರು ಬೇರೆ ಮಾಡಿ ಹೇಳುತ್ತಾರೆ. ನಾನು ಕೇಳಿ ಬೆಳೆದದ್ದು ಹೀಗೆ. ಸಂಗಮದಲ್ಲಿದ್ದ ಬಸವಣ್ಣ ಹಡಪದ ಅಪ್ಪಣ್ಣನನ್ನು ಕಲ್ಯಾಣಕ್ಕೆ ಕಳಿಸಿ ನೀಲಮ್ಮನನ್ನು ಕರೆತರಲು ಹೇಳಿದ. ಆಕೆ ಹೊರಟಳು. ತಂಗಡಗಿಗೆ ಬಂದಾಗ ಆಚೆ ದಂಡೆಯಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಸಿಕ್ಕಿತು. ಅಲ್ಲಿರುವ ಸಂಗಯ್ಯ ಇಲ್ಲಿ ಇಲ್ಲವೇನು ಎಂದು ಕೇಳಿ, ಅಂಗೈಯ ಲಿಂಗ ನೋಡುತ್ತ ಅಲ್ಲೇ ಐಕ್ಯಳಾದಳು. ಹೊಳೆ ದಾಟಲಿಲ್ಲ.

ಪ್ರವಚನಗಳಲ್ಲಿ ಈ ಮಾತನ್ನು ಎತ್ತಿ, ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸಲೀಸಾಗಿ ಗಂಟಲಿಳಿಯುವುದಿಲ್ಲ. ಎಲ್ಲೆಲ್ಲೂ ಇರುವವನಿಗಾಗಿ ಕಲ್ಯಾಣದಿಂದ ಇನ್ನೂರು ಕಿಲೋಮೀಟರ್ ಯಾಕೆ ಬರಬೇಕಿತ್ತು? ಬಂದ ಮೇಲೆ ಕೊನೆಯ ನೀರೊಂದನ್ನು ಯಾಕೆ ಬಿಡಬೇಕಿತ್ತು? ಇದ್ದಲ್ಲೇ ಇದ್ದಿದ್ದರೆ ಒಂದು ಮಾತು, ದಾಟಿದ್ದರೆ ಇನ್ನೊಂದು ಮಾತು. ಆಕೆ ಎರಡನ್ನೂ ಅರ್ಧ ಮಾಡಿದಳು.

ಹಾಗಾಗಿ, ಜನವರಿಯ ಶರಣ ಮೇಳದ ಗದ್ದಲವೆಲ್ಲ ಕರಗಿದ ಮೇಲೆ, ಒಂದು ಬೆಳಿಗ್ಗೆ ತಂಗಡಗಿಯ ದಂಡೆಗೆ ಹೋದೆ. ರಸ್ತೆಯಲ್ಲಾದರೆ ಸೇತುವೆ ದಾಟಿ ಸುತ್ತಿ ಸಂಗಮ ಸೇರಬಹುದು. ನನಗೆ ನೀರ ಮೇಲೆ, ದಂಡೆ ಹಿಡಿದು ಹೋಗಬೇಕಿತ್ತು. ಮೀನು ಹಿಡಿಯುವ ಅಂಬಿಗರ ಮನೆತನದ ಹಿರಿಯರೊಬ್ಬರು ಒಪ್ಪಿದರು. ಜೊತೆಗೆ ಅಳಿಯನೂ ಬಂದ, ಹುಟ್ಟು ಬದಲಿಸಿಕೊಳ್ಳಲು.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಬಿದಿರಿನ ದೊಡ್ಡ ಬುಟ್ಟಿ; ಹಿಂದೆ ಎಮ್ಮೆಯ ತೊಗಲು ಬಿಗಿಯುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರು. ಕಯಾಕ್ ಕೂಡ ಮೊದಲಿಗೆ ಇಂಥದೇ. ಉತ್ತರ ಧ್ರುವದ ಹತ್ತಿರದ ಇನ್ಯೂಟ್ ಜನ ಕಟ್ಟಿಗೆ, ಎಲುಬುಗಳ ಹಂದರಕ್ಕೆ ಸೀಲ್ ಪ್ರಾಣಿಯ ತೊಗಲು ಹೊಲಿದು ಮಾಡಿಕೊಂಡದ್ದು. ಅವರು ಉದ್ದ ಮಾಡಿದರು, ನಮ್ಮವರು ದುಂಡಗೆ ಮಾಡಿದರು. ಉದ್ದನೆಯದು ಬಾಣದ ಹಾಗೆ ನೆಟ್ಟಗೆ ಹೋಗಬಯಸುತ್ತದೆ. ದುಂಡಗಿನದು ಬಿಟ್ಟರೆ ತಿರುಗುತ್ತ ನಿಲ್ಲುತ್ತದೆ. ಹುಟ್ಟು ಹಾಕುವವನು ಯಾವ ಅಂಚಿಗೆ ಬಾಗಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೋ ಅದೇ ಮುಂದು. ಅಂಬಿಗರ ಚೌಡಯ್ಯ ಇಂಥದ್ದನ್ನೇ ನಡೆಸಿದ್ದನೋ ಏನೋ. ಬೇರೆ ಶರಣರು ತಮ್ಮ ದೇವರ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಅವನು ತನ್ನ ಹೆಸರನ್ನೇ, ಕಸುಬಿನ ಸಮೇತ ಇಟ್ಟುಕೊಂಡ. ರಿನಿಯಾದ ಅಂಬಿಗನಿಗೆ ಅಂಥ ಸೊಕ್ಕು ಇದ್ದಿದ್ದರೆ ನಮಗೆ ಡೆಲೋಸಿನ ಬೇರೆಯೇ ಒಂದು ಚರಿತ್ರೆ ಸಿಗುತ್ತಿತ್ತು.

"ನಡಕ್ಕ ನಿಲ್ಲಬ್ಯಾಡ್ರಿ ಮಾಸ್ತರ, ಕುಂಡ್ರಿ. ಕೈ ನೀರಾಗ ಬಿಡಬ್ಯಾಡ್ರಿ, ಮೊಸಳಿ ಅದಾವು." ಅವರ ಉಪದೇಶ ಇಷ್ಟೇ. ಬಣ್ಣಗೆಟ್ಟ ಒಂದು ಲೈಫ್ ಜಾಕೆಟ್ ನನ್ನ ಕೊರಳಿಗೆ ಬಿತ್ತು. ಹೊರಡುವ ಮುಂಚೆ ಅಳಿಯ ಮೊಬೈಲ್ ನೋಡಿ ಆಲಮಟ್ಟಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ಖಾತ್ರಿ ಮಾಡಿಕೊಂಡ. ಅಲ್ಲಿ ಮೆಲ್ಟೆಮಿ, ಇಲ್ಲಿ ಆಲಮಟ್ಟಿ.

ನೀರು ಹರಿಯುವುದೇ ಕಾಣಲಿಲ್ಲ. ಕೆಳಗೆ ನಾರಾಯಣಪುರದ ಬಸವಸಾಗರ. ಅದರ ಹಿನ್ನೀರು ಸಂಗಮದಾಚೆಗೂ ನಿಂತಿದೆ. ಮೇಲೆ ಆಲಮಟ್ಟಿ ಅಣೆಕಟ್ಟು. ಅದು ಹಿಂದೆ ಬಾಗೇವಾಡಿ ತಾಲ್ಲೂಕಿನದು, ಈಗ ನಿಡಗುಂದಿಯದು. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು; ನಿಂತ ನೀರಿಗೆ ಅವರದೇ ಹೆಸರು. ಎರಡು ಅಣೆಗಳ ನಡುವಿನ ಕೃಷ್ಣೆ ಶರಣರು ಕಂಡ ಹೊಳೆಯಲ್ಲ. ದಂಡೆಗೆ ಜಾಲಿಗಿಡಗಳು ಸೊಂಟದವರೆಗೆ ಮುಳುಗಿ ಒಣಗಿ ನಿಂತಿದ್ದವು. ಒಂದು ಕಡೆ ಹಿರಿಯರು ಹುಟ್ಟು ಎತ್ತಿ ನೀರಿಗೆ ತೋರಿಸಿ, "ಇಲ್ಲಿ ಜ್ವಾಳಾ ಬೆಳೀತಿದ್ರು" ಅಂದರು. ಯಾರ ಹೊಲ ಎಂದು ಕೇಳಿದೆ. ಅವರು ಹೇಳಿದ ಹೆಸರಿನ ಮನೆಯವರು ಈಗ ಪುನರ್ವಸತಿ ಊರಿನಲ್ಲಿ ಅಂಗಡಿ ಇಟ್ಟಿದ್ದಾರಂತೆ. ಜೋಳದ ಹೊಲದ ಮೇಲೆ ತೇಲುತ್ತ ದೇವರ ಕಡೆ ಹೋಗುತ್ತಿರುವುದು ನನಗೆ ಅಷ್ಟೇನೂ ಹಿತವಾಗಲಿಲ್ಲ.

ಸಂಗಮ ಹತ್ತಿರ ಬಂದಾಗ ಎರಡು ಹೊಳೆ ಕೂಡುವ ಜಾಗ ಯಾವುದು ಎಂದು ಹುಡುಕಿದೆ. ಸಿಗಲಿಲ್ಲ. ಒಂದೇ ಹರವಿನ ನೀರು. ಯಾವ ಕೂಡುವಿಕೆಯಿಂದ ಈ ಕ್ಷೇತ್ರಕ್ಕೆ ಕ್ಷೇತ್ರವೆಂಬ ಮಾನ ಬಂತೋ ಅದು ಹಿನ್ನೀರಿನಡಿ ಹೋಗಿದೆ. ಐಕ್ಯಲಿಂಗವನ್ನು ಮಾತ್ರ ಉಳಿಸಿಕೊಂಡಿದ್ದಾರೆ: ಸುತ್ತ ನೀರು ತಡೆಯುವ ಎತ್ತರದ ದುಂಡು ಗೋಡೆ, ದಂಡೆಯಿಂದ ಅಲ್ಲಿಗೆ ಒಂದು ಸೇತುವೆ, ಒಳಗೆ ಬಾವಿಗೆ ಇಳಿಯುವಂತೆ ಮೆಟ್ಟಿಲು. ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ನಾವು ಕೈ ಮುಗಿಯುತ್ತೇವೆ. ಹೊಳೆ ಬದಲಾಯಿತು, ಮಟ್ಟ ಏರಿತು, ಊರು ಎದ್ದು ಬೇರೆ ಕಡೆ ಹೋದವು. ಆ ಒಂದು ಚುಕ್ಕಿ ಅಲ್ಲಾಡಬಾರದು ಎಂದು ಇಷ್ಟು ಸಿಮೆಂಟು. ದೇಹವೇ ದೇಗುಲ ಎಂದವನ ಹೆಸರಿನಲ್ಲಿ ಹೀಗಾಯಿತಲ್ಲ ಎಂದು ಹಂಗಿಸುವುದು ಸುಲಭ. ಓದಿದವರು ಹಂಗಿಸುತ್ತಲೇ ಇರುತ್ತಾರೆ. ಆದರೆ ಮೆಟ್ಟಿಲ ಮೇಲೆ ನನ್ನ ಮುಂದೆ ಇಳಿಯುತ್ತಿದ್ದ ಮುದುಕಿ ಗೋಡೆಗೆ ಕೈ ಹಿಡಿದು ಒಂದೊಂದೇ ಹೆಜ್ಜೆ ಹಾಕುತ್ತಿದ್ದಳು, ಸತ್ತವರ ಮನೆಗೆ ಮಾತಾಡಿಸಲು ಬಂದವಳ ಮುಖ. ಆಕೆಗೆ ತತ್ವದ ತಕರಾರು ಇರಲಿಲ್ಲ.

ಡೆಲೋಸಿನಲ್ಲಿ ಅಥೆನ್ಸಿನವರು ದೇವರ ನೆಲದಿಂದ ಸಾವನ್ನು ಹೊರಗೆ ದಾಟಿಸಿದರು. ಇಲ್ಲಿ ಸಾವೇ ಬಂದು ದೇವರಲ್ಲಿ ಕೂಡಿದ್ದಕ್ಕೆ ನೆಲ ದೊಡ್ಡದಾಯಿತು. ನಮ್ಮಲ್ಲಿ ಸೂತಕದ ಲೆಕ್ಕ ಕಡಿಮೆಯೇನಿಲ್ಲ. ಶರಣರು ಅದನ್ನು ಒಪ್ಪದೆ ಇದ್ದದ್ದು, ಒಪ್ಪದ್ದಕ್ಕೆ ಪೆಟ್ಟು ತಿಂದದ್ದು ಎಲ್ಲರಿಗೂ ಗೊತ್ತು. ಹುಟ್ಟು ಸಾವುಗಳನ್ನು ನೀರಾಚೆ ಕಳಿಸಿದರೆ ಈಚೆ ಉಳಿಯುವ ದೇವರು ಯಾರಿಗೆ ಬೇಕು? ಕ್ರಿ.ಪೂ. 422ರಲ್ಲಿ ಅಥೆನ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬದುಕಿದ್ದ ಡೆಲೋಸಿನವರನ್ನೂ ದ್ವೀಪದಿಂದ ಓಡಿಸಿದರು. ಶುದ್ಧಿಯ ಹಾದಿ ಹಿಡಿದವರಿಗೆ ಕೊನೆಗೆ ಮನುಷ್ಯರೇ ಮೈಲಿಗೆಯಾಗಿ ಕಾಣುತ್ತಾರೆ.

ಮರಳುವಾಗ ಹಿರಿಯರಿಗೆ ನನ್ನ ಪ್ರಶ್ನೆ ಹಾಕಿದೆ. ನೀಲಮ್ಮ ಯಾಕೆ ದಾಟಲಿಲ್ಲ?

ಅವರು ಹುಟ್ಟು ನಿಲ್ಲಿಸಲಿಲ್ಲ. "ಹೊಳಿ ಬಂದಿತ್ತರೀ. ಶ್ರಾವಣದಾಗ ಯಾವ ಅಂಬಿಗ ಹರಗೋಲ ಹಾಕ್ತಾನ್ರಿ?"

ನಾನು ಸುಮ್ಮನಾದೆ. ಬಸವಣ್ಣ ಐಕ್ಯನಾದದ್ದು ಶ್ರಾವಣ ಶುದ್ಧ ಪಂಚಮಿ, ನಾಗರ ಪಂಚಮಿಯ ದಿನ ಎಂದು ರೂಢಿಯಲ್ಲಿದೆ. ಘಟ್ಟದ ಮಳೆ ಇಳಿದು ಕೃಷ್ಣೆ ಎರಡೂ ದಂಡೆ ತಿನ್ನುವ ಕಾಲ. ಆಗ ಆಲಮಟ್ಟಿ ಇಲ್ಲ, ತಡೆಯುವ ಗೇಟಿಲ್ಲ. ಮಠಗಳಲ್ಲಿ ಎಷ್ಟೋ ವ್ಯಾಖ್ಯಾನ ಕೇಳಿದ ನನಗೆ ಪಂಚಾಂಗ ಬಿಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ಹೊಳೆಯ ಮೇಲೆ ಬದುಕಿದವರಿಗೆ ಮೊದಲು ಹೊಳೆದದ್ದೇ ಅದು. ಅವರ ಮಾತಿನಲ್ಲಿ ನೀಲಮ್ಮನನ್ನು ಸಣ್ಣವಳನ್ನಾಗಿ ಮಾಡುವ ಎಣಿಕೆಯಿರಲಿಲ್ಲ. ಅವರೂ ಮಗಳ ಮದುವೆಗೆ ಆಕೆಗೇ ಹರಕೆ ಹೊತ್ತವರು.

ಹಾಗಿದ್ದರೆ ಸಂಗಯ್ಯ ಇಲ್ಲೂ ಇದ್ದಾನೆ ಎಂಬ ಅರಿವು ದಾರಿ ಕಟ್ಟಿದಾಗ ಹುಟ್ಟಿದ್ದೇ? ದಾಟಲು ಆಗದವಳು ಆಡಿದ ಮಾತೇ? ಇದ್ದರೂ ಇರಲಿ, ಅದರಿಂದ ಅರಿವಿಗೆ ಕುಂದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದ ಮಾಡಿಕೊಂಡೆ. ಗ್ರೀಕರಲ್ಲೇ ಸಾಕ್ಷಿ ಸಿಕ್ಕವು. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಸಾವಿನ ಶಿಕ್ಷೆಯಾದಾಗ ಅಥೆನ್ಸಿನಿಂದ ಡೆಲೋಸಿಗೆ ವರ್ಷಕ್ಕೊಮ್ಮೆ ಹೋಗುವ ಪವಿತ್ರ ಹಡಗು ಹೊರಟಿತ್ತು. ಅದು ಮರಳುವವರೆಗೆ ಊರಿನಲ್ಲಿ ಯಾರನ್ನೂ ಕೊಲ್ಲುವಂತಿಲ್ಲ. ಇಂಥ ಯಾತ್ರೆಗೆ ಎದುರುಗಾಳಿ ಸಿಕ್ಕರೆ ತಡವಾಗುತ್ತಿತ್ತು. ಅಷ್ಟೂ ದಿನ ಆತ ಸೆರೆಮನೆಯಲ್ಲಿ ಗೆಳೆಯರ ಜೊತೆ ಮಾತಾಡಿದ. ಕೊನೆಯ ದಿನದ ಮಾತು ಆತ್ಮದ ಮೇಲಿನದು. ಒಂದು ಹಡಗಿನ ವೇಳಾಪಟ್ಟಿ ಕೊಟ್ಟ ಪುರುಸೊತ್ತಿನಲ್ಲಿ ನಡೆದ ಚರ್ಚೆ ಎಂದು ಅದನ್ನು ಯಾರಾದರೂ ತಳ್ಳಿಹಾಕುತ್ತಾರೆಯೇ? ಸೈಪ್ರಸ್ಸಿನ ವ್ಯಾಪಾರಿ ಜೀನೋ ಹಡಗು ಒಡೆದು, ತುಂಬಿದ್ದ ನೇರಳೆ ಬಣ್ಣದ ಸರಕು ಕಳೆದುಕೊಂಡು ಅಥೆನ್ಸಿಗೆ ಬಂದು ಬಿದ್ದ, ಪುಸ್ತಕದಂಗಡಿಯಲ್ಲಿ ಕೂತ, ಸ್ಟೊಯಿಕ್ ದರ್ಶನ ಕಟ್ಟಿದ. ನೀರು ಕೆಡಿಸಿದ ಪ್ರಯಾಣಗಳಿಗೆ ತತ್ವಶಾಸ್ತ್ರದ ಋಣ ದೊಡ್ಡದಿದೆ.

ಪ್ರವಾಹವನ್ನು ಒಪ್ಪಿಕೊಂಡರೆ ಒಂದು ಲಾಭವೂ ಉಂಟು ಅನಿಸಿತು. ದೇವರು ಎಲ್ಲೆಲ್ಲೂ ಇದ್ದಾನೆ ಎಂಬ ಮಾತನ್ನು ನಮ್ಮ ಕಾಲದಲ್ಲಿ ಹೆಚ್ಚಾಗಿ ಆಡುವವರು ಮನೆಯಿಂದ ಏಳಲು ಮನಸ್ಸಿಲ್ಲದವರು. ಸಂಬಂಧಿಕರ ಮಣ್ಣಿಗೆ ಹೋಗದವರೂ ಹೀಗೇ, ಮನಸ್ಸಿನಲ್ಲೇ ಕೈ ಮುಗಿದೆ ಅನ್ನುತ್ತಾರೆ. ಇಡೀ ದಾರಿ ಸವೆಸಿ, ತುಂಬಿದ ಹೊಳೆಯ ಮುಂದೆ ನಿಂತು ಅದೇ ಮಾತು ಆಡಿದವಳದು ಬೇರೆ ತೂಕ.

ಈ ತೀರ್ಮಾನವನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದೆ. ರಾತ್ರಿ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡ ನನ್ನ ಹೆಂಡತಿ, ಸಿಂದಗಿ ಸೀಮೆಯ ಭೀಮಾತೀರದವಳು, ಒಂದೇ ಪ್ರಶ್ನೆ ಕೇಳಿದಳು: "ಕಲ್ಯಾಣದಿಂದ ತಂಗಡಗಿಗೆ ಬರಾಕ ಭೀಮಾ ಎಲ್ಲಿ ಹೋಗಿತ್ತರಿ?"

ನಕಾಶೆ ಮತ್ತೆ ಕಣ್ಮುಂದೆ ಬಂತು. ಕಲ್ಯಾಣ ಇರುವುದು ಭೀಮೆಯ ಆಚೆಗೆ, ಬೀದರ ಜಿಲ್ಲೆಯಲ್ಲಿ. ಯಾವ ದಾರಿ ಹಿಡಿದರೂ ಭೀಮೆ ದಾಟದೆ ತಂಗಡಗಿಗೆ ಬರುವಂತಿಲ್ಲ. ಡೋಣಿಯೂ ಅಡ್ಡ ಬಂದಿರಬೇಕು; ಮಳೆಗಾಲದಲ್ಲಿ ಅದು ಎರೆಮಣ್ಣು ಕಲಸಿಕೊಂಡು ಹರಿಯುವುದನ್ನು ಕಂಡವರಿಗೆ ಗೊತ್ತು.

"ಅವನ್ನೆಲ್ಲ ದಾಟಿದಾಕಿಗೆ ಕೃಷ್ಣಾ ಒಂದ ದೊಡ್ಡದಾತೇನು? ನಿಮಗ, ಆ ಅಂಬಿಗಣ್ಣಗ ಇಬ್ಬರಿಗೂ ಏನರ ಒಂದ ಅಡ್ಡ ಬೇಕು. ಗಂಡ ಕರದಲ್ಲಿಗೆ ಹೆಂಗಸು ತಾನಾಗಿ ಹೋಗಲಿಲ್ಲ ಅಂದ್ರ ನಿಮಗ ತಾಳಂಗಿಲ್ಲ."

ಹಾಗಾದರೆ ಕಲ್ಯಾಣದಿಂದ ಹೊರಟದ್ದು ಯಾಕೆ ಎಂದೆ. ಇದು ನನ್ನ ಹಳೆಯ ಪ್ರಶ್ನೆಯೇ, ಹೊಸದೇನಲ್ಲ.

"ಕರದ್ರು, ಹೊಂಟಳು. ಕರದಾವ್ರೇ ಇಲ್ಲಂದ ಮ್ಯಾಲ ಯಾರಿಗೆ ಮುಖಾ ತೋರಸಾಕ ಹೋಗಬೇಕು? ಸಂಗಯ್ಯನ ಕಾಣಾಕ ಹೊಂಟಿದ್ಲೇನಾಕಿ? ಆತ ಕೈಯಾಗೇ ಇದ್ದ."

ನಾನು ಇಷ್ಟು ವರ್ಷ ಕತೆಯ ಗಂಟು ದೇವರಲ್ಲಿದೆ ಎಂದು ಹಿಡಿದು ಕೂತಿದ್ದೆ. ದೇವರು ಅಲ್ಲಿದ್ದಾನೋ ಇಲ್ಲಿದ್ದಾನೋ ಎಂಬುದು ನೀಲಮ್ಮನಿಗೆ ಕಲ್ಯಾಣದಲ್ಲೇ ಇತ್ಯರ್ಥವಾದ ಸಂಗತಿ. ಅಂಗೈಯಲ್ಲಿ ಲಿಂಗವಿದ್ದವಳಿಗೆ ಅದರಲ್ಲಿ ಸಂಶಯವಿರಲು ಸಾಧ್ಯವಿರಲಿಲ್ಲ. ಆಕೆ ಹೊರಟದ್ದು ಮನುಷ್ಯನೊಬ್ಬನಿಗಾಗಿ. ಮನುಷ್ಯ ಎಲ್ಲೆಲ್ಲೂ ಇರುವುದಿಲ್ಲ, ಒಂದು ಊರಿನಲ್ಲಿ, ಒಂದು ದಂಡೆಯಲ್ಲಿ ಇರುತ್ತಾನೆ. ಅವನಿಗಾಗಿ ಭೀಮೆ ದಾಟಬೇಕು, ಡೋಣಿ ದಾಟಬೇಕು. ಸಂಗಯ್ಯನನ್ನೇ ಅಂಕಿತ ಮಾಡಿಕೊಂಡು ವಚನ ಬರೆದವಳು ಆಕೆ. ಆ ವಚನಗಳಲ್ಲಿ ಬಸವನಿಲ್ಲದ ಸಂಕಟ ಅಷ್ಟಿಷ್ಟಲ್ಲ. ಬಾವಿಯ ಮೆಟ್ಟಿಲು ಇಳಿಯುತ್ತಿದ್ದ ಆ ಮುದುಕಿಯ ಮುಖವೂ ನನಗೆ ಈಗ ಹೆಚ್ಚು ತಿಳಿಯುತ್ತದೆ. ಲಿಂಗದ ಮುಂದೆ ನಿಂತರೂ ಆಕೆ ಬಂದದ್ದು ಎಂಟುನೂರು ವರ್ಷ ಹಿಂದೆ ತೀರಿಕೊಂಡ ಒಬ್ಬನನ್ನು ಮಾತಾಡಿಸಲು. ತತ್ವದ ಅಳತೆಗೋಲಿನಿಂದ ಅದನ್ನು ಸ್ಥಾವರಪೂಜೆ ಎಂದು ತೆಗಳುವವರು ಯಾತ್ರೆಗೂ ಮಣ್ಣಿಗೂ ಇರುವ ನಂಟನ್ನು ನೋಡಿಲ್ಲ. ಸಿಮೆಂಟಿನ ಗೋಡೆಯ ಬಗ್ಗೆ ನನ್ನ ಮುನಿಸು ಪೂರ್ತಿ ಹೋಗಿಲ್ಲ, ಅದು ಬೇರೆ ಮಾತು.

ಮರುದಿನ ಅಂಬಿಗ ಹಿರಿಯರಿಗೆ ಫೋನ್ ಮಾಡಿ, ಭೀಮಾ ದಾಟಿದವಳಿಗೆ ಕೃಷ್ಣಾ ದಾಟಲು ಆಗಲಿಲ್ಲವೇ ಎಂದು ನಮ್ಮ ಮನೆಯಲ್ಲಿ ಕೇಳುತ್ತಿದ್ದಾರೆ ಅಂದೆ. ಅವರು ಒಂದಿಷ್ಟೂ ತಡವರಿಸಲಿಲ್ಲ.

"ಭೀಮಾನೂ ಒಂದ ಹೊಳಿ ಏನ್ರಿ ಮಾಸ್ತರ? ನಮ್ಮ ಕೃಷ್ಣಾ ಬಂದದ್ದ ನೋಡೀರೇನ್ ನೀವು?"

ಈ ಉತ್ತರವನ್ನು ಭೀಮಾತೀರದವಳಿಗೆ ನಾನಿನ್ನೂ ಮುಟ್ಟಿಸಿಲ್ಲ.